ಬಲಗೈಯ ಸೂಜಿ

ಸಿಸ್ಟರ್ ಸುಧಾರಾಣಿಯ ತಣ್ಣನೆಯ ಬೆರಳು ಕೂಸಿನ ಎಡತೋಳಿನ ಮೇಲೆ ಸರಿದು ಅಕ್ಕಿಕಾಳಿನಷ್ಟು ಕಲೆಯ ಹತ್ತಿರ ನಿಂತಿತು, ಇದು ಹುಟ್ಟಿದಾಗ ನಾನೇ ಹಾಕಿದ್ದು ನೋಡವಾ ಸೋನಾಬಾಯಿ, ಒಂಬತ್ತ ತಿಂಗಳದ್ದು, ದಡಾರದ್ದು, ಬಲಗೈಗೆ ಹಾಕ್ತಾರಲ್ಲ, ಅದು ಆಗೇತೋ ಇಲ್ಲೋ — ಸೋನಾಬಾಯಿ ಮಗಳು ಯಶೋಧರಾಳ ಬಲತೋಳು ತಿರುಗಿಸಿ ನೋಡಿದಳು, ಏನೂ ಇಲ್ಲ, ಎಡಗೈಯ ಸೂಜಿ ಗುರುತು ಬಿಡುತ್ತದೆ, ಬಲಗೈಯದು ಯಾಕೆ ಬಿಡುವುದಿಲ್ಲವೋ, ಕೇಳಬೇಕು, ಆದರೆ ತಿಕೋಟಾ ದವಾಖಾನೆಯ ಹೊರಗೆ ಕಬ್ಬು ಕಡಿಯಲು ಹೊರಟ ಟೋಳಿಯ ಟ್ರ್ಯಾಕ್ಟರ್ ಗುರುಗುಡುತ್ತಿದೆ, ಸಂಜೆಯೊಳಗೆ ಸಾಂಗಲಿ ಮುಟ್ಟಬೇಕು, ಬೆಳಿಗ್ಗೆ ಕನಮಡಿಯಲ್ಲಿ ಗಂಟು ಕಟ್ಟುವಾಗಲೇ ಗಂಡ ಧೂಳಪ್ಪ ಅಂದಿದ್ದ, ಆಗೇತಂತ ಹೇಳಿ ಬಾ, ಹಾದ್ಯಾಗ ಕೂಸಿಗೆ ಜ್ವರ ಬಂದ್ರ ಯಾರ್ ನೋಡ್ತಾರ.

ಆಗಿರಬಹುದು, ಹೌದು, ಹೋದ ಮಾಘದ ಚಳಿಯಲ್ಲಿ ಕಬ್ಬಿನ ಗುಡಿಸಲುಗಳ ಹತ್ತಿರ ಮರಾಠಿಯ ನರ್ಸಬಾಯಿ ನೀಲಿ ಡಬ್ಬಿ ಹೊತ್ತು ಬಂದಿದ್ದಳು, ಸೋನಾಬಾಯಿ ಕೂಸನ್ನು ತೊಡೆಯ ಮೇಲೆ ಅವುಚಿಕೊಂಡಿದ್ದಳು, ಬಲಗೈಯೇ, ಸೂಜಿ ಒಳಗೆ ಹೋಗಿದ್ದೇ ಕೂಸು ಚೀರದೆ ಅವಳ ಹೆಗಲನ್ನು ಕಚ್ಚಿತು, ನಾಲ್ಕು ಹಲ್ಲಿನ ಗುರುತು ಮೂಡಿ ಮೂರು ದಿನ ಕೆಂಪಗಿತ್ತು — ಹಲ್ಲು, ಯಶೋಧರಾಳಿಗೆ ಆಗ ಹಲ್ಲೆಲ್ಲಿತ್ತು, ಅವಳ ಮೊದಲ ಹಲ್ಲು ಬಂದದ್ದು ಬೇಸಿಗೆಯಲ್ಲಿ, ಪುಣೆ ಕಡೆಯ ಇಟ್ಟಂಗಿ ಭಟ್ಟಿಯಲ್ಲಿ, ಹಾಗಾದರೆ ಕಚ್ಚಿದ್ದು ಪಕ್ಕದ ಗುಡಿಸಲಿನ ಶಮಾಳ ಮಗ ಸಿಕಂದರ, ಶಮಾಳ ಕಾಲಿಗೆ ಕುಡುಗೋಲು ಬಡಿದಿತ್ತಲ್ಲ, ಅವಳ ಕೂಸನ್ನು ಎತ್ತಿಕೊಂಡು ಹೋದದ್ದು ಸೋನಾಬಾಯಿ, ತನ್ನದು ಜೋಳಿಗೆಯಲ್ಲಿ ನಿದ್ದೆಯಲ್ಲಿತ್ತು, ಮುಂದಿನ ವಾರ ಹಾಕಿಸಿದರಾಯಿತು ಎಂದುಕೊಂಡಳು, ಮುಂದಿನ ವಾರ ಗುಡಿಸಲು ಬೇರೆ ಊರಲ್ಲಿತ್ತು. ಅದೇ ವರ್ಷ ಟೋಳಿಯ ಎರಡು ಕೂಸಿಗೆ ದಡಾರ ಎದ್ದು ಕಣ್ಣು ಬಿಡಲಾರದೆ ಬಿದ್ದಿದ್ದವು, ಒಂದು ಏಳಲಿಲ್ಲ.

ಇಲ್ರೀ ಅಕ್ಕಾರ, ಆಗಿಲ್ಲ, ನಾ ಹಾಕಿಸಿದ್ದು ಮಂದಿ ಕೂಸಿಗೆ. ಸಿಸ್ಟರ್ ನಕ್ಕಳು, ಹಂಗಾರ ಗಟ್ಟಿ ಹಿಡಿ, ಜ್ವರ ಬಂದ್ರ ಈ ಔಷಧಿ ಕುಡಿಸು, ಈ ಹೊಸ ಕಾರ್ಡರೆ ಕಳೀಬ್ಯಾಡ. ಒಳಗ ಹೋಗಿ ಏನ್ ಮಾಡತೈತ್ರೀ ಇದು? ಬ್ಯಾನಿ ಗುರ್ತ ಹಿಡಿಯಾಕ ಮೈಗೆ ಕಲಿಸತೈತಿ, ಮುಂದ ಖರೇ ಬ್ಯಾನಿ ಬಂದ್ರ ಮೈ ಅದನ್ನ ಒಳಗ ಬಿಡೂದಿಲ್ಲ — ಅಕ್ಷರ ಬಾರದ ಮೈ ಅದನ್ನು ಎಲ್ಲಿ ಬರೆದಿಟ್ಟುಕೊಳ್ಳುತ್ತದೆ, ನೆತ್ತರಿನಲ್ಲೋ, ಎಲುಬಿನಲ್ಲೋ. ಧೂಳಪ್ಪ ಬಾಗಿಲಲ್ಲಿ ನಿಂತು ಎಷ್ಟೊತ್ತಲೇ ಅಂದ, ಅವಳು ತಿರುಗದೆ, ಜ್ವರ ಬಂದ್ರ ನಾ ನೋಡ್ತೀನಿ ತಗೋ, ನೀ ಗಾಡಿ ನಿಲ್ಲಿಸು ಅಂದಳು. ಸೂಜಿ ಹೊರಗೆ ಬಂತು, ಯಶೋಧರಾ ಕೂಗಲು ಬಾಯಿ ತೆರೆದು ಹಾಗೇ ಮರೆತಳು, ತನ್ನ ತೋಳನ್ನೇ ನೋಡತೊಡಗಿದಳು, ಒರಸವಾ ಎಂದು ಸಿಸ್ಟರ್ ಹತ್ತಿ ಕೊಟ್ಟಳು, ಸೋನಾಬಾಯಿ ಒರೆಸಲಿಲ್ಲ, ಇನ್ನಷ್ಟು ಬಗ್ಗಿದಳು, ನಾಳೆ ಯಾರು ಕೇಳಿದರೂ ಹೇಳಲು ಬರಬೇಕು, ಬಲತೋಳು, ಅದರ ಮೇಲೆ ಸಾಸಿವೆಕಾಳಿನಷ್ಟು ನೆತ್ತರು, ದುಂಡಗೆ, ಹರಿಯದೆ ನಿಂತ ಒಂದೇ ಹನಿ