ತೆಂಗಿನ ಬುಡದ ಗೋಡು

ಸಿದ್ದಬಸಪ್ಪನ ಮೇಲೆ ಸೇಡು ತೀರಿಸಿಕೊಳ್ಳಲು ನನಗೆ ಆರು ವರ್ಷ ಬೇಕಾಯಿತು. ಅದೂ ಕಸದ ಗುಂಡಿಯೊಳಗೆ ನಿಂತು.

ಗಂಡಸಿ ಕಡೆಯ ರಸ್ತೆಯಲ್ಲಿ ನಮ್ಮದೊಂದು ಒಂದೂವರೆ ಎಕರೆ ರಾಗಿ ಹೊಲ, ಅದರಲ್ಲೊಂದು ಬಾವಿ. ಹೊಲದ ಮೇಲ್ಗಡೆಯ ಬಯಲಿಗೆ ಪಟ್ಟಣದ ಕಸ ತಂದು ಸುರಿಯುವ ಗುತ್ತಿಗೆ ಸಿದ್ದಬಸಪ್ಪನದು. ಎರಡನೇ ಮಳೆಗಾಲಕ್ಕೇ ಕಸದ ರಸ ಇಳಿದು ಬಾವಿ ನೀರು ಟೀ ಬಣ್ಣಕ್ಕೆ ತಿರುಗಿತು. ಮಗಳ ಕಾಲ ತುಂಬ ಕಜ್ಜಿ. ಒಂದು ತಂಬಿಗೆ ನೀರು ಹಿಡಿದು ಅವನ ಮನೆ ಬಾಗಿಲಿಗೆ ಹೋದೆ. ಜಗಲಿ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದವನು ತಂಬಿಗೆಯನ್ನು ಕಾಲಿನಲ್ಲೇ ಪಕ್ಕಕ್ಕೆ ಸರಿಸಿದ.

"ಏನಮ್ಮಾ ಹನುಮಮ್ಮ, ಮುಂಚೆ ದಿನಾ ಪನ್ನೀರು ಕುಡೀತಿದ್ರಾ? ಹೋಗು, ಕಾಯಿಸ್ಕೊಂಡು ಕುಡಿ."

ಜಗಲಿಯಲ್ಲಿದ್ದವರೆಲ್ಲ ನಕ್ಕರು. ಅಂದಿನಿಂದ ಬೆಳಗಿನ ಜಾವ ಎರಡು ಕೊಡ, ಕೂಲಿ ಮುಗಿಸಿ ಬಂದ ಮೇಲೆ ಎರಡು ಕೊಡ, ಒಂದು ಮೈಲಿ ಆಚೆಯ ಬೋರ್‌ವೆಲ್‌ನಿಂದ. ಕೊಡ ಸೊಂಟಕ್ಕೆ ಏರಿಸುವಾಗ ಬೇರೆ ಹೆಂಗಸರು 'ಶಿವನೇ' ಅನ್ನುತ್ತಿದ್ದರು. ನಾನು ಅವನ ಹೆಸರು ಹೇಳುತ್ತಿದ್ದೆ.

ಎರಡು ಸಾವಿರದ ನಾಲ್ಕರಲ್ಲಿ ಹೊಸ ಕಾನೂನಿನ ಮಾತು ಬಂತು. ಕಸವನ್ನು ಸುಮ್ಮನೆ ಸುರಿಯುವಂತಿಲ್ಲ. ದೊಡ್ಡ ಗುಂಡಿ ತೋಡಬೇಕು, ತಳಕ್ಕೆ ಮೂರಡಿ ಜಿಗುಟು ಮಣ್ಣು ಬಡಿದು ಕೂರಿಸಬೇಕು, ಮೇಲೆ ಪ್ಲಾಸ್ಟಿಕ್ ಹಾಸಬೇಕು. ರಸ ಪೈಪಿನಲ್ಲಿ ಹರಿದು ಬೇರೆ ತೊಟ್ಟಿ ಸೇರಬೇಕು. ಹಳೇ ಕಸವೂ ಅದರೊಳಕ್ಕೇ ಹೋಗಬೇಕು. ಆ ಕೆಲಸವೂ ಸಿದ್ದಬಸಪ್ಪನಿಗೇ ಸಿಕ್ಕಿತು. ಆ ಮಣ್ಣಿಗೆ ಬತ್ತಿದ ಕೆರೆಯ ಗೋಡು, ಅಂದರೆ ತಳದ ಕಪ್ಪು ಜಿಗುಟು ಮಣ್ಣು, ತರುವುದೆಂದು ನಿಗದಿಯಾಯಿತು. ನಾನು ಕೂಲಿಗೆ ಸೇರಿದೆ. ಆ ಗುಂಡಿಯ ತಳ ಸರಿಯಾಗಿ ಕೂತರೆ ತಾನೇ ನನ್ನ ಬಾವಿ ಇನ್ನೊಮ್ಮೆ ತಿಳಿಯಾಗುವುದು?

ನಾಲ್ಕನೇ ದಿನ, ಮಣ್ಣು ಹೊಡೆಯುತ್ತಿದ್ದ ಗಿಡ್ಡಯ್ಯನ ಟ್ರ್ಯಾಕ್ಟರ್ ನೀರು ನಿಲ್ಲದ ಕೆಂಪು ಗರಸು ತಂದು ಸುರಿಯಿತು.

"ಇದೇನಣ್ಣ, ಗೋಡೆಲ್ಲಿ?"

"ಯಜಮಾನ್ರ ತೋಟದಾಗೈತೆ. ಎಂಬತ್ತು ಲೋಡು. ತೆಂಗಿನ ಬುಡಕ್ಕೆ ಹಾಕಿದ್ರೆ ಕಾಯಿ ಬರ್ತದೆ. ಕಸದ ಬುಡಕ್ಕೆ ಹಾಕಿದ್ರೆ ಏನ್ ಬರ್ತದೆ ಹೇಳು ತಂಗಿ?"

ನಮ್ಮ ಕಡೆ ತೆಂಗು ಇಟ್ಟವನು ಯಾವನಾದರೂ ಹೀಗೇ ಯೋಚಿಸುತ್ತಿದ್ದ. ಸಿದ್ದಬಸಪ್ಪ ಅದನ್ನು ಕೂಲಿಯವರಿಂದ ಮುಚ್ಚಿಡಲೂ ಇಲ್ಲ. ನೋಡಲು ಬರುವವರ ಕಣ್ಣಿಗೆಂದು ಗರಸಿನ ಮೇಲೆ ಒಂದು ಗೇಣು ಗೋಡು ಬಳಿಸಿದ, ಅಷ್ಟೆ. ಅದನ್ನು ನಾನೇ ಬಡಿದೆ, ನಾನೇ ನುಣುಪು ಮಾಡಿದೆ, ಬಾಯಿ ಬಿಡಲಿಲ್ಲ. ಆಗಲೇ ಹೇಳಿದ್ದರೆ ನಾಲ್ಕು ಲೋಡು ಬದಲಾಯಿಸಿ ಕೈತೊಳೆದುಕೊಳ್ಳುತ್ತಿದ್ದ. ಎಲ್ಲ ಮುಗಿಯಲಿ, ಮಳೆ ಬಂದು ಕೆರೆಗೆ ನೀರು ಬರಲಿ ಎಂದು ಕಾದೆ.

ಎರಡು ತಿಂಗಳಾದ ಮೇಲೆ, ಪ್ಲಾಸ್ಟಿಕ್ ಹಾಸುವ ಮೊದಲು ತಳ ನೋಡಲು ಹಾಸನದಿಂದ ಎಂಜಿನಿಯರ್ ಬಂದರು. ಹೇಮಾಶ್ರೀ ಅಂತ, ಚಿಕ್ಕ ವಯಸ್ಸು. ಸಿದ್ದಬಸಪ್ಪ ಎಳನೀರು ಕೆತ್ತಿಸಿ ಅವರಿಗೊಂದು ಕೊಟ್ಟು ತಾನೂ ಒಂದು ಹಿಡಿದ.

"ನೋಡಿ ಮೇಡಂ, ಅಪ್ಪಟ ಕೆರೆ ಗೋಡು. ಕನ್ನಡಿ ಇದ್ದಂಗೈತೆ."

ಅವರು ಬರೆದುಕೊಳ್ಳಲು ಪೆನ್ನು ತೆಗೆದರು. ನಾನು ಮುಂದೆ ಬಂದೆ.

"ಮೇಡಂ, ನಮ್ಮಪ್ಪ ಕೆರೆ ಏರಿ ಕೆಲಸ ಮಾಡ್ತಿದ್ದೋನು. ಒಂದು ಕುಳಿ ತೋಡಿ, ನೀರು ನಿಲ್ಸಿ ನೋಡದೆ ಮಣ್ಣನ್ನ ನಂಬ್ತಿರ್ಲಿಲ್ಲ."

"ಏಯ್, ನಿನ್ ಕೆಲ್ಸ ನೋಡ್ಕಳಮ್ಮಿ."

"ಅದ್ನೇ ನೋಡ್ತಾ ಇದೀನಿ ಕಣ್ರೀ."

"ನಿಲ್ಸಿ ನೋಡೋಣ" ಎಂದರು ಮೇಡಂ.

ಮೊಣಕೈ ಆಳದ ಕುಳಿ ತೋಡಿ ಎರಡು ಕೊಡ ನೀರು ಸುರಿದೆ. ನೀರಿನ ಮಟ್ಟಕ್ಕೆ ಒಂದು ತೆಂಗಿನ ಕಡ್ಡಿ ಚುಚ್ಚಿದೆ. ಸಿದ್ದಬಸಪ್ಪನ ಎಳನೀರು ಮುಗಿಯುವ ಮೊದಲೇ ಕುಳಿ ಖಾಲಿ. ಹಾರೆ ಹಾಕಿ ಮೀಟಿದೆ, ಗರಸು ಎದ್ದು ಬಂತು.

"ಗೋಡು ಎಲ್ಲಿ ಹೋಯ್ತು?" ಎಂದರು ಮೇಡಂ.

ನಾನು ರಸ್ತೆಯಾಚೆಯ ಸಿದ್ದಬಸಪ್ಪನ ತೋಟಕ್ಕೆ ಕೈ ತೋರಿಸಿದೆ. ಒಂದೊಂದು ಮರದ ಸುತ್ತಲೂ ಕಪ್ಪು ಗೋಡಿನ ಪಾತಿ.

"ಬೇರೆ ತರಿಸ್ತೀನಿ ಮೇಡಂ, ಕೆರೆಯಿಂದ..."

"ಕೆರೆ ತುಂಬಿದೆಯಲ್ರೀ. ತೋಟದಿಂದ್ಲೇ ತೆಗೆಸಿ. ವಾರದೊಳಗೆ ಆಗ್ಲಿಲ್ಲ ಅಂದ್ರೆ ಗುತ್ತಿಗೆ ರದ್ದು."

ಗುದ್ದಲಿ ಹಿಡಿದು ತೋಟಕ್ಕೆ ಇಳಿದೆವು. ಎರಡು ತಿಂಗಳಿಗೇ ಆ ಗೋಡಿನೊಳಗೆ ಬಿಳಿಯ ಎಳೆ ಬೇರು ಬಲೆ ಹೆಣೆದಿತ್ತು. ಉಳಿದ ಹೆಂಗಸರು ಬೇರು ಬಿಡಿಸಿ, ಮೆಲ್ಲಗೆ ಕೆರೆದು ತೆಗೆಯುತ್ತಿದ್ದರು. ನಾನು ಗುದ್ದಲಿಯನ್ನು ತಲೆಯ ಮೇಲಿಂದ ಬೀಸಿದೆ. ಒಂದೊಂದು ಏಟಿಗೂ ಚರಕ್ ಎನ್ನುವ ಸದ್ದು. ಆರು ವರ್ಷದಲ್ಲಿ ಅಷ್ಟು ಹಿತವಾದ ಸದ್ದು ನಾನು ಕೇಳಿರಲಿಲ್ಲ.

ಸಿದ್ದಬಸಪ್ಪ ಹಿಂದೆ ಹಿಂದೆಯೇ ಸುತ್ತುತ್ತಿದ್ದ. "ಬೇರು ಕಣಮ್ಮ, ನೋಡ್ಕಂಡು ಅಗಿ. ಮಕ್ಕಳಂಗೆ ಸಾಕಿದೀನಿ."

"ನಂಗೂ ಒಬ್ಳು ಮಗಳವ್ಳೆ" ಅಂದೆ. ಕೈ ನಿಲ್ಲಿಸಲಿಲ್ಲ.

ಏಳನೇ ದಿನ ಮೇಡಂ ಮತ್ತೆ ಬಂದರು. ಹಿಂದಿನ ಸಂಜೆ ಹೊಸ ತಳದಲ್ಲಿ ನಿಲ್ಲಿಸಿದ್ದ ನೀರು ಕಡ್ಡಿಯ ಗುರುತಿನಿಂದ ಉಗುರಿನಷ್ಟೂ ಇಳಿದಿರಲಿಲ್ಲ. ಗೋಡು ಮೂರಡಿ ತುಂಬಿತ್ತು, ಮೇಲೊಂದು ಗೇಣು ಹೆಚ್ಚೇ ಇತ್ತು. ಇನ್ನು ನನ್ನ ಬಾವಿಗೆ ಒಂದು ತೊಟ್ಟು ರಸವೂ ಇಳಿಯುವಂತಿರಲಿಲ್ಲ. ತೋಟದಲ್ಲಿ ಅಗೆಯದೆ ಉಳಿದದ್ದು ಮನೆಯ ಹಿತ್ತಿಲಿಗೆ ತಾಗಿದ ಎರಡು ಸಾಲು, ಅವನ ಅಪ್ಪ ನೆಟ್ಟ ಮರಗಳು.

"ಸಾಕೇನಮ್ಮಾ? ನನಗಿಂತ ನಿಮಗೇ ಚೆನ್ನಾಗಿ ಗೊತ್ತಾಗತ್ತೆ" ಎಂದು ಮೇಡಂ ನನ್ನನ್ನು ಕೇಳಿದರು.

ಸಿದ್ದಬಸಪ್ಪ ನನ್ನ ಮುಖ ನೋಡಿದ. ಮೇಡಂಗೆ ಕಾಣದ ಹಾಗೆ ಎರಡೂ ಕೈ ಎದೆಯ ಹತ್ತಿರ ಜೋಡಿಸಿದ. "ಸಾಕು ಅನ್ನವ್ವ" ಎಂದ, ಸಣ್ಣ ದನಿಯಲ್ಲಿ.

"ಸಾಲಲ್ಲ ಮೇಡಂ" ಎಂದೆ. "ಇನ್ನೂ ಎರಡು ಸಾಲಿಂದು ಬೇಕಾಗತ್ತೆ."

ಗುದ್ದಲಿ ಹೆಗಲಿಗೇರಿಸಿ ಅವನ ಹಿತ್ತಿಲ ಕಡೆಗೆ ನಡೆದೆ.