ಅಕ್ಕಿಯಲ್ಲಿ ಬರೆದ ಹೆಸರು

ಪ್ರೇಮಕತೆ ಬರೆಯುವವರು ಸ್ವಂತ ಹೆಸರು ಯಾಕೆ ಹಾಕುವುದಿಲ್ಲ ಅಂತ ನನ್ನನ್ನು ಕೇಳಿ, ಹೇಳುತ್ತೇನೆ. ಶಹಾಪುರದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಝೆರಾಕ್ಸ್ ಅಂಗಡಿಯಿದೆ. ಆದಾಯ ಪ್ರಮಾಣಪತ್ರದ ಅರ್ಜಿಯಿಂದ ಹಿಡಿದು ಲಗ್ನಪತ್ರಿಕೆಯವರೆಗೆ ಏನು ಬೇಕಾದರೂ ಟೈಪ್ ಮಾಡಿಕೊಡುತ್ತೇನೆ, ಕತೆಗಳನ್ನೂ. ಮೊಬೈಲಿನಲ್ಲಿ ಧಾರಾವಾಹಿ ಓದಿಸುವ ಆ್ಯಪ್‌ಗಳು ಬಂದ ಮೇಲೆ ಈ ಕಡೆ ಎಷ್ಟು ಮಂದಿ ಗುಟ್ಟಾಗಿ ಪ್ರೀತಿ ಪ್ರೇಮ ಬರೆಯುತ್ತಾರೆ ಅನ್ನುವುದು ನನಗೆ ಗೊತ್ತು. ಮೈನುದ್ದೀನನ ಮಗಳು ಈ ಫರ್ಹೀನ್ ಬಾಯಿ ಬಿಡುವವಳಲ್ಲ ಅಂತ ಅವರಿಗೂ ಗೊತ್ತು.

ಸುರಪುರದ ಸಂಜೀವಕುಮಾರ ಸರ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಾರೆ. ಕತೆಗಳಿಗೆ ಮಾತ್ರ ‘ಹೇಮಲತಾ’ ಅಂತ ಹೆಸರು ಹಾಕಿಸುತ್ತಿದ್ದರು. “ಹೆಣ್ಮಕ್ಕಳ ಹೆಸರಿದ್ರ ಓದವ್ರು ಲಗೂನ ನಂಬ್ತಾರ ನೋಡವಾ” ಅನ್ನುತ್ತಿದ್ದರು. ಒಮ್ಮೆ ವಿದ್ಯಾರ್ಥಿಗಳಿಗೆ ಅದು ಗೊತ್ತಾಗಿ ಹುಡುಗರೆಲ್ಲ ಅವರನ್ನು ಹೇಮಲತಾ ಮೇಡಂ ಅಂತ ಕಾಡಿದರು. ಆಮೇಲೆ ಏನಾಯಿತು ಅಂತೀರಿ? ಊರವರೇ ಕರೆದು ಶಾಲು ಹೊದಿಸಿ, ಹಾರ ಹಾಕಿದರು. ಈಗ ಸಭೆಯ ಆಮಂತ್ರಣದಲ್ಲಿ ಸರ್ ಹೆಸರಿನ ಪಕ್ಕದಲ್ಲೇ ಹೇಮಲತಾ ಅಂತಲೂ ಅಚ್ಚಾಗುತ್ತದೆ. ಆಗ ನಾನೂ ನಕ್ಕಿದ್ದೆ. ಈಗ ಆ ಶಾಲು ನೆನಪಾದರೆ ಮೈ ಉರಿಯುತ್ತದೆ.

ಗುರುದೇವಿ ಅಕ್ಕನ ಮಾತಿಗೆ ಬರುತ್ತೇನೆ. ಆಕೆ ಮಾರ್ಕೆಟ್ಟಿನಲ್ಲಿ ಹತ್ತಿ, ತೊಗರಿ ವ್ಯಾಪಾರ ಮಾಡುವ ಬಸವಕುಮಾರ ಸಾವ್ಕಾರರ ಹೆಂಡತಿ. ಆಕೆ ಕತೆ ಬರೆಯುತ್ತಿರಲಿಲ್ಲ, ಹೇಳುತ್ತಿದ್ದಳು. ಮುಂಜಾನೆ ಗಂಡ ಅಂಗಡಿಗೆ ಹೋದ ಮೇಲೆ ಒಲೆಯ ಮುಂದೆ ಫೋನಿಟ್ಟುಕೊಂಡು ಒಂದು ಕಡೆ ರೊಟ್ಟಿ ಬಡಿಯುತ್ತ ಇನ್ನೊಂದು ಕಡೆ ಕತೆ ಹೇಳಿ ನನಗೆ ವಾಯ್ಸ್ ಮೆಸೇಜ್ ಕಳಿಸುತ್ತಿದ್ದಳು. ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಟೈಪ್ ಮಾಡುತ್ತಿದ್ದೆ. ಕತೆಯಲ್ಲಿ ಇಬ್ಬರು ಹತ್ತಿರ ಬರುವಾಗ ರೊಟ್ಟಿ ಬಡಿಯುವ ಸಪ್ಪಳ ನಿಧಾನವಾಗುತ್ತಿತ್ತು. ಒಮ್ಮೊಮ್ಮೆ ಪೂರಾ ನಿಂತೇ ಹೋಗುತ್ತಿತ್ತು, ಆಮೇಲೆ “ಅಯ್ಯ, ರೊಟ್ಟಿ ಹೊತ್ತೇ ಬಿಡ್ತು” ಅನ್ನುವ ಮಾತೂ ಅದರಲ್ಲೇ ಬರುತ್ತಿತ್ತು. ಅದನ್ನು ಬಿಟ್ಟು ಉಳಿದದ್ದನ್ನು ಟೈಪ್ ಮಾಡುತ್ತಿದ್ದೆ.

ಮೊದಲನೇ ಕತೆ ಹಾಕುವ ದಿನ ಅಂಗಡಿಗೇ ಬಂದಿದ್ದಳು.

“ಯಾವ ಹೆಸರು ಹಾಕ್ಲಿ, ಅಕ್ಕಾ?” ಅಂದೆ.

“ಮಲ್ಲೇಶ್ವರಿ ಅಂತ ಹಾಕು. ಊರೂ ಹಾಕು, ಶಹಾಪುರ ಅಂತ.”

“ಅದು ನಿಮ್ಮ ಅತ್ತೀರ ಹೆಸರಲ್ಲೇನು?”

“ನನ್ನ ಹೆಸರೂ ಅದ” ಅಂದಳು.

ಆಕೆ ಹುಟ್ಟಿದ್ದು ಅಬ್ಬೆತುಮಕೂರಿನಲ್ಲಿ. ತಂದೆ ತಾಯಿ ಇಟ್ಟ ಹೆಸರು ಮಲ್ಲೇಶ್ವರಿ. ಮದುವೆಯಾಗಿ ಬಂದ ಮನೆಯಲ್ಲಿ ಅತ್ತೆಯ ಹೆಸರೂ ಮಲ್ಲೇಶ್ವರಿಯೇ. ಮಗನಾದವನು ತಾಯಿಯ ಹೆಸರು ಹಿಡಿದು ಹೆಂಡತಿಯನ್ನು ಕರೆಯುವುದು ಹೇಗೆ? ಅದಕ್ಕೇ ಲಗ್ನದ ದಿನ ತಾಟಿನಲ್ಲಿ ಅಕ್ಕಿ ಹರವಿ, ಉಂಗುರದಿಂದ ಬಸವಕುಮಾರನ ಕೈಯಲ್ಲಿ ‘ಗುರುದೇವಿ’ ಅಂತ ಬರೆಸಿದರು. ಈ ಕಡೆ ಎಷ್ಟೋ ಮನೆಗಳಲ್ಲಿ ಇದು ನಡೆಯುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆಮೇಲೆ ರೇಷನ್ ಕಾರ್ಡು, ಆಧಾರ್ ಎಲ್ಲವೂ ಗುರುದೇವಿಯೇ. ತವರಿನಲ್ಲಿ ಅಪ್ಪ ಅವ್ವ ತೀರಿಹೋದ ಮೇಲೆ ಹಳೆಯ ಹೆಸರಿನಿಂದ ಕರೆಯುವವರೂ ಉಳಿಯಲಿಲ್ಲ.

“ನನ್ನ ಹೆಸರ್ಲೆ ನನ್ನ ಕರದು ಭಾಳ ವರ್ಷ ಆದ್ವು, ಫರ್ಹೀನ್. ಓದವ್ರರ ಕರೀಲಿ” ಅಂದಳು.

“ಮಂದಿ ನಿಮ್ಮ ಅತ್ತೀನ ಬರದಾರ ಅಂತ ತಿಳ್ಕೊಂಡ್ರ?”

ಆಕೆ ನಕ್ಕುಬಿಟ್ಟಳು. “ಅವರ ಹೆಸರು ಯಾರಿಗಿ ನೆಪ್ಪದ? ಎಲ್ಲಾರು ಸಾವ್ಕಾರ್ತಿ ಅಂತಾರ.”

ಅದು ನಿಜವೇ ಆಗಿತ್ತು. ಆದರೆ ಮಾರ್ಕೆಟ್ಟಿನ ಅಂಗಡಿಯ ಮೇಲೆ ‘ಮಲ್ಲೇಶ್ವರಿ ಟ್ರೇಡಿಂಗ್ ಕಂಪನಿ’ ಅಂತ ಬೋರ್ಡಿತ್ತು. ಅಕ್ಕನ ಮಾವನವರು ಬದುಕಿದ್ದಾಗ ಹೆಂಡತಿಯ ಹೆಸರಿನಲ್ಲಿ ಹಾಕಿಸಿದ್ದು. ದಿನಾ ಕಣ್ಣಿಗೆ ಬೀಳುವ ಬೋರ್ಡನ್ನು ಯಾರು ಓದುತ್ತಾರೆ?

ಎರಡು ಕತೆ ಯಾರ ಗಮನಕ್ಕೂ ಬರದೆ ಹೋದವು. ಕಂತು ಕಂತಾಗಿ ಬರುತ್ತಿದ್ದ ಮೂರನೆಯದು ಮುಗಿಯುವ ಮೊದಲೇ ಊರಿಗೆಲ್ಲ ಹಬ್ಬಿತು. ಅದರಲ್ಲೊಬ್ಬ ವಿಧವೆ ಪ್ರತಿ ಸೋಮವಾರ ಶಹಾಪುರದಿಂದ ಸುರಪುರಕ್ಕೆ ಬಸ್ಸಿನಲ್ಲಿ ಹೋಗುತ್ತಾಳೆ. ಆ ಬಸ್ಸಿನ ಕಂಡಕ್ಟರ್ ಆಕೆಗೆ ಕಿಟಕಿ ಪಕ್ಕದ ಸೀಟು ಹಿಡಿದಿಡುತ್ತಾನೆ. ಅಷ್ಟೇ ಪ್ರೇಮ. ಒಂದು ಮುತ್ತಿಲ್ಲ, ಕೈ ಹಿಡಿಯುವುದೂ ಇಲ್ಲ. ಆದರೂ ಓದುವಾಗ ಎದೆ ಹಿಡಿದಂತಾಗುತ್ತಿತ್ತು. ನಾನು ಮದುವೆಯಾಗಿ ಎರಡು ಮಕ್ಕಳ ತಾಯಿ, ನನಗೇ ಆ ಕಂಡಕ್ಟರ್ ಮೇಲೆ ಮನಸ್ಸಾಗಿತ್ತು.

ಸಾವ್ಕಾರ್ತಿಯೂ ವಿಧವೆ. ಮೊಣಕಾಲು ನೋವಿಗೆ ಔಷಧ ತರಲು ಸೋಮವಾರ ಸುರಪುರಕ್ಕೆ ಹೋಗುತ್ತಿದ್ದರು, ಬಸ್ಸಿನಲ್ಲೇ. ಗುರುದೇವಿ ಅಕ್ಕ ಕಿಟಕಿಯಿಂದ ಅತ್ತೆ ಹೋಗುವುದನ್ನು ನೋಡಿ ಉಳಿದದ್ದನ್ನು ಮನಸ್ಸಿನಲ್ಲೇ ಕಟ್ಟಿದ್ದಳು. ಊರಿನವರಿಗೆ ಅಷ್ಟು ಸಾಕಾಯಿತು. ಮಾರ್ಕೆಟ್ಟಿನಲ್ಲಿ ಯಾರೋ ಫೋನು ನೋಡುತ್ತ ತಲೆ ಎತ್ತಿ ಬೋರ್ಡು ನೋಡಿದ. ಶಹಾಪುರ, ಮಲ್ಲೇಶ್ವರಿ, ಗಂಡ ಸತ್ತವಳು, ಸೋಮವಾರ, ಸುರಪುರ. ಮುಗಿಯಿತು. ಒಂದು ಹರದಾರಿ ದೂರದ ನೀರು ಪಂಪಿನ ವಿಷಯಕ್ಕೆ ತಿಂಗಳುಗಟ್ಟಲೆ ತಲೆ ಓಡಿಸದ ಈ ಜನಕ್ಕೆ ಇಂಥದ್ದಕ್ಕೆ ಮಾತ್ರ ಎಲ್ಲಿಲ್ಲದ ಬುದ್ಧಿ ಬರುತ್ತದೆ. ಹಮಾಲರು ಗೋಣಿಚೀಲ ಇಳಿಸುತ್ತ ಬಸವಕುಮಾರನ ಕಿವಿಗೆ ಬೀಳುವಂತೆ ‘ಕಿಟಕಿ ಸೀಟು ಖಾಲಿ ಅದೇನ್ರಿ’ ಅಂತ ಕೂಗಿದರು. ಇಲ್ಲದ ಕಂಡಕ್ಟರನನ್ನು ಹುಡುಕಲು ಇಬ್ಬರು ಡಿಪೋದವರೆಗೂ ಹೋಗಿಬಂದರು.

ಅದೂ ಆಗಬಾರದ ಹೊತ್ತಿನಲ್ಲೇ ಆಯಿತು. ಬಸವಕುಮಾರನ ಮಗಳಿಗೆ ಯಾದಗಿರಿಯಲ್ಲಿ ಗಂಡು ಗೊತ್ತಾಗಿತ್ತು. ಗಂಡಿನ ಕಡೆಯವರು ಹೇಳಿ ಕಳಿಸಿದರು, “ಬರದಾಕಿ ಆ ಮನಿಯಾಗಿದ್ರ ನಮಗ ಸಂಬಂಧ ಬ್ಯಾಡ.”

ಮರುದಿನ ಮಧ್ಯಾಹ್ನ ಸಾವ್ಕಾರ್ತಿ ನನ್ನ ಅಂಗಡಿಗೆ ಬಂದರು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಸ್ಟೂಲಿನ ಮೇಲೆ ಕುಳಿತರು. ಬಯ್ಯಲು ಬಂದಿದ್ದಾರೆ ಅಂದುಕೊಂಡೆ.

“ಬಸವ್ಯಾ ನಿನ್ನ ಕೇಳಾಕ ಬರ್ತಾನ” ಅಂದರು. “ಮಲ್ಲೇಶ್ವರಿ ಯಾರು ಅಂತ ಕೇಳ್ತಾನ. ನಾನ ಹೇಳಿ ಬರಸೀನಿ ಅಂತ ಹೇಳು.”

“ಅವ್ವಾರ, ನಿಮಗ ಗೊತ್ತದೇನ್ರಿ ಯಾರಂತ?”

“ಅಡಗಿಮನಿ ಗ್ವಾಡಿ ಆಚಿಗಿ ನಾ ದಿನಾ ಕಾಳು ಹಸನ ಮಾಡ್ಕೋತ ಕುಂದರತೀನಿ. ಆಕಿ ಹೇಳಾದು ಎಲ್ಲಾ ಕೇಳೀನಿ. ಮೊದಲನೇ ದಿನ ಸಿಟ್ಟು ಬಂದಿತ್ತು. ಆಮ್ಯಾಲ ಮುಂಜಾನಿ ಯಾವಾಗ ಆಗ್ತದ ಅಂತ ಕಾಯ್ತಿದ್ದೆ.”

“ಸುಳ್ಳು ಹ್ಯಾಂಗ ಹೇಳ್ಲಿ ನಾ? ನಿಮ್ಮ ಮರ್ಯಾದಿ ಏನಾಗಬೇಕು?”

“ನನ್ನ ಗಂಡ ಸತ್ತಾನ. ನನ್ನ ಬಿಡವ್ರು ಯಾರದಾರ ಈಗ?” ಅಂದರು. ಧ್ವನಿ ಗಟ್ಟಿಯಾಗಿಯೇ ಇತ್ತು. “ಆಕೀನ ಬಿಟ್ರ ಆಕಿ ಎಲ್ಲಿಗಿ ಹೋಗಬೇಕು? ತವರಾಗ ಯಾರೂ ಇಲ್ಲ. ನನಗರ ಸಗರದಾಗ ತಮ್ಮ ಅದಾನ. ನಾಕ ದಿನ ಬಾಯಿ ಬಡ್ಕೊಂಡು ಸುಮ್ಮನಾಗ್ತಾರ ಮಂದಿ. ಒಂದಾ ಮಾತು ನೆಪ್ಪಿಟ್ಕೋ. ಆಕಿ ಕತಿ ನಿಂದರಸಬಾರ್ದು. ನಾ ಹೇಳೀನಿ ಅಂತ ಹೇಳು.”

ನಾನು ತರಿಸಿದ ಚಹಾ ಬಸಿಯಲ್ಲಿ ಸುರುವಿಕೊಂಡು ಕುಡಿದು ಎದ್ದು ಹೋದರು.

ಸಂಜೆಗೇ ಬಸವಕುಮಾರ ಬಂದ. ಅಂಗಡಿಯಲ್ಲಿದ್ದ ಗಿರಾಕಿಗಳನ್ನು ಹೊರಗೆ ನಿಲ್ಲಿಸಿ ಬಾಗಿಲಿಗೆ ಅಡ್ಡ ನಿಂತ.

“ಯಾರು ಹೇಳಿ ಬರಸ್ಯಾರ? ಖರೇ ಹೇಳು.”

“ನಿಮ್ಮ ಅವ್ವಾರ್ರಿ” ಅಂದೆ.

ಅವನ ಮುಖದಲ್ಲಿ ಸಿಟ್ಟು ಬರಬೇಕಿತ್ತು. ಬಂದದ್ದು ಸಮಾಧಾನ. ಹೆಗಲು ಇಳಿಬಿಟ್ಟು ಉಸಿರು ಬಿಟ್ಟ. ಅವನು ಬೇರೆ ಯಾವುದೋ ಉತ್ತರಕ್ಕೆ ಹೆದರಿಕೊಂಡು ಬಂದಿದ್ದ ಅನ್ನುವುದು ನನಗೆ ಆಗಲೇ ಹೊಳೆಯಿತು.

ಆ ವಾರವೇ ಸಾವ್ಕಾರ್ತಿಯನ್ನು ತಮ್ಮನ ಊರು ಸಗರಕ್ಕೆ ಕಳಿಸಿದರು. ಹೊಸ ಸೊಸೆ ಏನೋ ತಪ್ಪು ಮಾಡಿದರೆ ತವರಿಗೆ ಅಟ್ಟುತ್ತಾರಲ್ಲ, ಹಾಗೆ, ಮೊಮ್ಮಗಳ ಮದುವೆಯ ಹೊತ್ತಿಗೆ ಅಜ್ಜಿಯನ್ನು ತವರಿಗೆ ಅಟ್ಟಿದರು. ಟಂಟಂ ಆಟೋದಲ್ಲಿ ಒಂದು ಟ್ರಂಕು, ಒಂದು ಹಾಸಿಗೆ. ಬಸವಕುಮಾರ ಜೊತೆಗೂ ಹೋಗಲಿಲ್ಲ. ಮಾರ್ಕೆಟ್ಟಿನ ಬೋರ್ಡಿಗೆ ಬಣ್ಣ ಬಳಿಸಿ ‘ಬಸವಕುಮಾರ ಟ್ರೇಡಿಂಗ್ ಕಂಪನಿ’ ಅಂತ ಬರೆಸಿದ. ತಾಯಿಯ ಹೆಸರಿನ ಅಂಗಡಿಯಲ್ಲಿ ಇಷ್ಟು ವರ್ಷ ಉಂಡ ಮನುಷ್ಯ.

ಲಗ್ನಪತ್ರಿಕೆ ಟೈಪ್ ಮಾಡಲು ನನ್ನ ಹತ್ತಿರವೇ ಬಂತು. ತಂದವಳು ಗುರುದೇವಿ ಅಕ್ಕ. ಸುಖಾಗಮನ ಬಯಸುವವರಲ್ಲಿ ಸೋದರಮಾವಂದಿರು, ಕಾಕಾಗಳು, ದೂರದ ಬೀಗರು, ಎಲ್ಲರೂ ಇದ್ದರು. ಅಜ್ಜಿ ಇರಲಿಲ್ಲ. ನಾನು ಟೈಪ್ ಮಾಡುವುದು ನಿಲ್ಲಿಸಿ ಆಕೆಯ ಮುಖ ನೋಡಿದೆ.

“ಹೇಳಿದ್ನವ್ವಾ” ಅಂದಳು ಆಕೆ. ಕಣ್ಣೀರು ತಾನಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. “ಟಂಟಂ ಬಾಗಲಾಗ ನಿಂತಾಗ ಹೇಳಿದೆ. ಅವ್ವನ್ನ ಕಳಸಬ್ಯಾಡ್ರಿ, ಬರದಾಕಿ ನಾನು, ಮಲ್ಲೇಶ್ವರಿ ನನ್ನ ಹೆಸರು ಅಂದೆ.”

“ಏನಂದ್ರು?”

“ನಿನ್ನ ಹೆಸರು ಗುರುದೇವಿ, ನಾನ ಬರದೀನಿ ಅಕ್ಕ್ಯಾಗ, ನನಗ ಗೊತ್ತಿಲ್ಲೇನು ಅಂದ್ರು.”

ಗೊತ್ತಿಲ್ಲದೆ ಏನು? ಚೆನ್ನಾಗಿ ಗೊತ್ತಿತ್ತು. ತನ್ನ ತಾಯಿಯ ಸುದ್ದಿಯನ್ನು ಹಳ್ಳಿಯಲ್ಲಿ ಮುಚ್ಚಿಡಬಹುದು, ಮದುಮಗಳ ತಾಯಿಯ ಸುದ್ದಿಯನ್ನು ಎಲ್ಲಿ ಮುಚ್ಚಿಡುವುದು? ಯಾರು ಹೋದರೆ ಮದುವೆ ನಿಲ್ಲುವುದಿಲ್ಲವೋ ಅವರನ್ನು ಕಳಿಸಿದ. ಆಮೇಲೆ ಹೆಂಡತಿಯ ಫೋನನ್ನೂ ಕಸಿದುಕೊಂಡ. ನಂಬಲಿಲ್ಲವಾದರೆ ಫೋನು ಯಾಕೆ ಕಸಿದ ಅಂತ ಕೇಳುವವರು ಆ ಮನೆಯಲ್ಲಿ ಇರಲಿಲ್ಲ.

“ಅವ್ವಾರು ಕತಿ ನಿಂದರಸಬ್ಯಾಡ ಅಂದಾರ” ಅಂತ ಹೇಳಿದೆ. “ಇಲ್ಲೇ ಬಂದು ಹೇಳ್ರಿ ಅಕ್ಕಾ, ನಾ ಬರಕೋತೀನಿ.”

ಆಕೆ ತಲೆ ಅಲ್ಲಾಡಿಸಿದಳು. “ಬಾಯಿ ತೆಗದ್ರ ಅವ್ವ ಟಂಟಂ ಹತ್ತಿದ್ದ ಕಾಣ್ತದ. ಇನ್ನ ನನ್ನ ಕಡಿಂದ ಆಗಲ್ಲ” ಅಂದು ಪತ್ರಿಕೆ ತೆಗೆದುಕೊಂಡು ಹೋದಳು.

ಮದುವೆ ಯಾದಗಿರಿಯಲ್ಲಿ ಭಾರಿಯಾಗಿಯೇ ಆಯಿತಂತೆ. ನಾನು ಹೋಗಲಿಲ್ಲ. ಅದಾದ ಮೇಲೆ ಒಂದು ದಿನ ಮನಸ್ಸು ತಡೆಯದೆ ಸಗರದ ಬಸ್ಸು ಹತ್ತಿದೆ. ಊರಲ್ಲಿ ಮೂವರನ್ನು ಕೇಳಿದೆ, “ಶಹಾಪುರದಿಂದ ಬಂದಾರಲ್ರಿ, ಮಲ್ಲೇಶ್ವರಮ್ಮ, ಅವರ ಮನಿ ಎಲ್ಲಿ?” ಅಂಥವರು ಯಾರೂ ಇಲ್ಲ ಅಂದರು. ಕೊನೆಗೆ ನೀರು ತರುತ್ತಿದ್ದ ಒಬ್ಬ ಹೆಂಗಸು ಕೊಡ ಇಳಿಸಿ ಯೋಚಿಸಿದಳು.

“ಶಹಾಪುರದಾಕಿ ಅಂದ್ರ ಕಲ್ಯಾಣಮ್ಮ ಅದಾಳ ನೋಡ್ರಿ. ಅಗೋ ಆ ಮನಿ.”

ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಸಾವ್ಕಾರ್ತಿ ಕುಳಿತಿದ್ದರು. ಅರ್ಧ ಇಳಿದುಹೋಗಿದ್ದರು. ಸುರಪುರದ ಔಷಧ ಬಿಟ್ಟು ಮೊಣಕಾಲು ಬಾತಿದ್ದವು. ನನ್ನನ್ನು ನೋಡಿ ಏಳಲು ಹೋದರು, ಆಗಲಿಲ್ಲ.

“ಕಲ್ಯಾಣಮ್ಮ ಅಂತಾರಲ್ರಿ ಇಲ್ಲಿ ನಿಮಗ?” ಅಂದೆ.

“ನಾ ಹುಟ್ಟಿದ್ದು ಕಲ್ಯಾಣಮ್ಮ ಆಗಿ. ಕೊಟ್ಟ ಮನಿಯಾಗ ಆ ಹೆಸರಿನ ಮಗಳೊಬ್ಬಾಕಿ ಸತ್ತಿದ್ಲು. ಆ ಹೆಸರು ಮತ್ತ ಮನಿಯಾಗ ಬ್ಯಾಡ ಅಂತ ನಮ್ಮತ್ತಿ ಅಕ್ಕ್ಯಾಗ ಮಲ್ಲೇಶ್ವರಿ ಅಂತ ಬರಸಿದ್ಲು.” ನನ್ನ ಕಡೆ ತಿರುಗಿ, “ನಂದಲ್ಲದ ಹೆಸರು ಅದು. ಅದರ ಸಲವಾಗಿ ಸೊಸಿಯಾಗಿ ಬಂದ ಆ ಕೂಸಿನ ಖರೇ ಹೆಸರು ಕಸಗೊಂಡ್ರು. ನಾನೂ ಅಕ್ಕಿ ತಾಟ ಹಿಡಕೊಂಡು ನಿಂತಿದ್ದೆ” ಅಂದರು.

ನನಗೆ ಅಳು ಬಂತು. ಅವರು ಅಳಲಿಲ್ಲ. ನನ್ನ ಮೊಣಕೈ ಹಿಡಿದು ಹತ್ತಿರ ಎಳೆದುಕೊಂಡರು. ಕಣ್ಣಲ್ಲಿ ಒಂದು ಥರದ ಆಸೆಯಿತ್ತು.

“ಅದು ಇರಲಿ. ಆ ಕತ್ಯಾಗಿನ ಹೆಣ್ಮಗಳು ಬಸ್‌ಸ್ಟ್ಯಾಂಡಿನಾಗ ನಿಂತಿದ್ಲಲ್ಲ, ಬಸ್ಸು ಬಂತು ಅಂತ ಹೇಳಿ ಬಿಟ್ಟಿದ್ಲು ನಮ್ಮಾಕಿ. ಮುಂದ ಏನಾತು? ಆ ಕಂಡಕ್ಟರ್ ಇದ್ನೇನು ಅದರಾಗ?”

“ಗೊತ್ತಿಲ್ರಿ, ಅವ್ವಾರ.”

“ನೀ ಬರದಿಲ್ಲೇನು?”

“ಅಕ್ಕ ಹೇಳಿಲ್ರಿ. ನೀವು ಬಂದಾಗಿಂದ ನಿಂದರಿಸ್ಯಾಳ. ಫೋನೂ ಇಲ್ಲ ಆಕಿ ಕಡಿ. ಇನ್ನ ಹೇಳಲ್ಲ ಅಂದಾಳ.”

ನನ್ನ ಮೊಣಕೈ ಬಿಟ್ಟರು. ಆ ಮುಖದಲ್ಲಿ ನಾನು ಸಿಟ್ಟು ನೋಡಿದ್ದು ಅದೊಂದೇ ಸಲ.

“ಹಂಗಾರ ನಾ ಇಲ್ಲಿ ಯಾಕ ಬಂದು ಕುಂತೀನಿ?” ಅಂದರು.

ಉತ್ತರಕ್ಕಾಗಿ ನನ್ನನ್ನೇ ನೋಡುತ್ತಿದ್ದರು. ಕೊಟ್ಟಿಗೆಯಲ್ಲಿ ಎಮ್ಮೆ ಮೇವು ಎಳೆಯುತ್ತಿತ್ತು. ಕೊನೆಯ ಬಸ್ಸಿಗೆ ಹೊತ್ತಾಗಿದೆ ಅಂತ ಅವರ ತಮ್ಮನ ಹೆಂಡತಿ ಬಂದು ಹೇಳುವವರೆಗೂ ನಾನು ಅವರ ಬಾತ ಮೊಣಕಾಲು ಒತ್ತುತ್ತ ಕುಳಿತಿದ್ದೆ.