ಸಿದ್ದರಾಮ ಸರ್ ತಂದ ಪೇಢೆ

ನಾಲ್ಕು ಗಂಟೆಯ ನಿಲಂಗಾ ಬಸ್ಸಿನಿಂದ ಸಿದ್ದರಾಮ ಸರ್ ಇಳಿದದ್ದನ್ನು ಕಾಸಾರಶಿರಸಿಯಲ್ಲಿ ಮೊದಲು ನೋಡಿದವನು ಹೋಟೆಲಿನ ಭೀಮಶಾ. ಚಹಾ ಸೋಸುವುದನ್ನು ಅಲ್ಲಿಗೇ ಬಿಟ್ಟು ಕಾಂತಾಬಾಯಿಗೆ ಫೋನ್ ಹಚ್ಚಿದ.

"ಅಕ್ಕಾ, ಸರ್ ಬಂದಾರ."

"ಕೈಯಾಗ ಡಬ್ಬಿ?"

"ಅದ."

ಕಾಂತಾಬಾಯಿ ಫೋನನ್ನು ಗೋಡೆಯ ಗೂಡಿನಲ್ಲಿಟ್ಟು ಬಾಗಿಲು ಅರ್ಧ ಮುಚ್ಚಿದಳು.

ಸಿದ್ದರಾಮ ಪುಣೆಯ ಒಂದು ಫುಟ್‌ಬಾಲ್ ಕ್ಲಬ್ಬಿನ ಸಹಾಯಕ ಕೋಚ್. ಈ ಊರಿನ ಮೂವರು ಹುಡುಗರು ಅವನೇ ಆರಿಸಿ ಕರೆದೊಯ್ದವರು. ಕರೆದೊಯ್ಯುವಾಗ ತಾಯಿಯ ಕೈಯಿಂದ ಹುಡುಗನ ಕೈಯನ್ನು ತನ್ನ ಕೈಗೆ ಇಸಿದುಕೊಂಡೇ ಹೋಗುವನು. ಕ್ಲಬ್ಬು ಹುಡುಗನನ್ನು ಬೇಡವೆಂದರೆ ಆ ಸುದ್ದಿಯನ್ನೂ ತಾನೇ ಬಂದು ಹೇಳುವನು. "ಕೈಯಿಂದ ಇಸ್ಕೊಂಡಿದ್ದು ಫೋನಿನ್ಯಾಗ ಹ್ಯಾಂಗ ವಾಪಸ ಕೊಡ್ಲಿ?" ಎನ್ನುವನು. ಮಗ ಮನೆಗೆ ಮರಳುತ್ತಿದ್ದಾನಲ್ಲ, ತಾಯಿಯ ಬಾಯಿ ಸಿಹಿಯಾಗಲಿ ಎಂದು ಜೊತೆಗೆ ಅರ್ಧ ಕಿಲೋ ಪೇಢೆ. ಹೀಗಾಗಿ ಸುತ್ತಲಿನ ಊರುಗಳಲ್ಲಿ ಆ ಡಬ್ಬಿ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಗುಂಜೋಟಿಯಲ್ಲಿ ಒಬ್ಬ ತಾಯಿ ಅವನನ್ನು ಕಂಡೊಡನೆ ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳಂತೆ. ಇವನು ಕಟ್ಟೆಯ ಮೇಲೆ ಒಂದು ತಾಸು ಕುಳಿತು, ಡಬ್ಬಿ ಇಟ್ಟು ಬಂದಿದ್ದ.

ಎರಡು ವರ್ಷದ ಹಿಂದೆ ಆ ಡಬ್ಬಿ ಕಾಂತಾಬಾಯಿಯ ಎದುರು ಮನೆಗೇ ಬಂದಿತ್ತು, ನೀಲೇಶನ ಸಲುವಾಗಿ. ಮರಳಿ ಬಂದ ನೀಲೇಶ ಕಾಲೇಜಿಗೂ ಹೋಗಲಿಲ್ಲ, ಹೊಲಕ್ಕೂ ಹೋಗಲಿಲ್ಲ. ದಿನಾ ಬಿಸಿಲು ಇಳಿಯುವ ಹೊತ್ತಿಗೆ ಸೋಯಾ ಗೋದಾಮಿನ ಗೋಡೆಗೆ ಚೆಂಡು ಒದೆಯುತ್ತಾನೆ. ಧಪ್. ಧಪ್. ಯಾರಾದರೂ ಮಾತಾಡಿಸಿದರೆ, ಎಣಿಕೆ ತಪ್ಪುತ್ತದೆ ಎನ್ನುವವನಂತೆ ಕೈ ಎತ್ತಿ ಸುಮ್ಮನಿರಿಸುತ್ತಾನೆ. ಅವನ ಮಾತು ಕೇಳಿ ಓಣಿಯವರಿಗೆ ವರ್ಷವಾಯಿತು.

ಕಾಂತಾಬಾಯಿಯ ಮಗ ಬಸವೇಶ್ವರ ಅದೇ ಕ್ಲಬ್ಬಿನಲ್ಲಿದ್ದಾನೆ. ದೀಪಾವಳಿಯಿಂದ ಮೊಣಕಾಲು ಊದಿ, ಆಟದ ಹೊರಗೇ ಕುಳಿತಿದ್ದಾನೆ. ಆಕೆ ದೇವರಲ್ಲಿ ಬೇಡುವುದು ಒಂದೇ, ಇವನು ಎರಡನೆಯ ನೀಲೇಶ ಆಗಬಾರದು.

ಬಾಗಿಲ ಸಂದಿಯಿಂದ ನೋಡಿದಳು. ಸಿದ್ದರಾಮ ಮೂರನೆಯ ಹುಡುಗ ಅಮರನಾಥನ ಮನೆಯ ಮುಂದೆ ನಿಂತ. ಬಗ್ಗಿ ಬೂಟಿನ ಲೇಸು ಕಟ್ಟಿಕೊಂಡ. ಮತ್ತೆ ಮುಂದೆ ನಡೆದ.

"ಅಕ್ಕಾ, ನೀರ ಕೊಡ್ರಿ."

ನೀರು ಕೊಟ್ಟಳು. ಅವನು ಡಬ್ಬಿಯನ್ನು ಗೂಡಿನಲ್ಲಿ, ಆಕೆಯ ಫೋನಿನ ಪಕ್ಕಕ್ಕೆ ಇಟ್ಟ.

"ಅದನ್ನ ತಗೀರಿ ಸರ್. ನಮ್ಮ ಮನ್ಯಾಗ ಸಕ್ರಿ ಯಾರೂ ತಿನ್ನಲ್ಲ."

"ಹೋದ ಸಲ ನನ್ನ ಚಹಾದಾಗ ನಾಕ ಚಮಚಾ ಹಾಕಿದ್ರಿ."

"ಅವಾಗ ನೀವು ಖಾಲಿ ಕೈಲೆ ಬಂದಿದ್ರಿ."

ಸಿದ್ದರಾಮ ನಗಲು ನೋಡಿದ. ಆಗಲಿಲ್ಲ. "ಬಸುನ ಸಲುವಾಗಿ ಬಂದಿಲ್ಲಕ್ಕಾ. ಕ್ಲಬ್ಬಿನವರು ನನ್ನೇ ಕೆಲಸದಿಂದ ತಗದಾರ."

ಕಾಂತಾಬಾಯಿಯ ಬಾಯಿಂದ ಒಂದು ನಗು ಹೊರಬಿದ್ದೇ ಬಿಟ್ಟಿತು. ಸೆರಗು ಬಾಯಿಗೆ ಒತ್ತಿಕೊಂಡಳು. "ತಪ್ಪಾತ್ರಿ ಸರ್."

"ಇರ್ಲಿ ಬಿಡ್ರಿ. ಯಾರರೆ ಒಬ್ರು ನಕ್ರಲ್ಲ."

ಸಿದ್ದರಾಮನ ಮಾತು ಶುರುವಾದದ್ದೇ ನಿಲ್ಲಲಿಲ್ಲ. ಉದಗೀರದ ಕಾಲೇಜಿನಲ್ಲಿ ಗುತ್ತಿಗೆ ಪಿ.ಟಿ. ಮಾಸ್ತರನಾಗಿ ಮೈದಾನಕ್ಕೆ ಸುಣ್ಣದ ಗೆರೆ ಎಳೆದದ್ದು. ಮೊದಲ ಕೋಚ್ ಲೈಸೆನ್ಸ್ ಪರೀಕ್ಷೆಯಲ್ಲಿ ಇಂಗ್ಲಿಷ್ ಬಾರದೆ ಫೇಲಾದದ್ದು, ಎರಡನೆಯ ಸಲ "ಚೆಂಡು ಕೊಡಿ, ತೋರಿಸುತ್ತೇನೆ" ಎಂದು ಪಾಸಾದದ್ದು. ಪುಣೆಯಲ್ಲಿ ಮೊದಲು ಸಣ್ಣ ಹುಡುಗರ ತಂಡ, ಆಮೇಲೆ ದೊಡ್ಡ ತಂಡ. ಹನ್ನೊಂದು ವರ್ಷ, ಆರು ಮಂದಿ ಮುಖ್ಯ ಕೋಚ್.

"ಎಲ್ಲಾರೂ ಮುಂದಿನ ಸಲ ನೀನೇ ಅಂದ್ರು. ಕೊಟ್ಟ ಕೆಲಸ ಒಂದೇ. ಅವರು ಬ್ಯಾಡಾದ ಹುಡುಗರ ಯಾದಿ ಬರೀತಾರ, ನಾ ಹೇಳಿ ಬರ್ತೀನಿ. ಈಗ ಏಳನೇದಂವ ತನ್ನ ಮಂದೀನೇ ಜೋಡಿ ತಂದಾನ."

"ಮತ್ತ ಇನ್ನ ಮ್ಯಾಲ ಮನಿಗಿ ಬಂದು ಹೇಳೋರು ಯಾರ್ರಿ?"

ಸಿದ್ದರಾಮ ಗೂಡಿನ ಕಡೆ ನೋಡಿದ. "ಯಾರೂ ಇಲ್ರಿ. ಮೆಸೇಜ್ ಹಾಕ್ತಾರ. ಹುಡುಗರಿಗಿ, ಮನಿಗಿ, ಒಂದೇ ಸಲ. ಇವತ್ತ ಐದಕ್ಕ. ಒಂಬತ್ತ ಹೆಸರ ಅವ. ಇದೊಂದ ಸಲ ನಾನೇ ಹೋಗಿ ಹೇಳಿ ಬರ್ತೀನಿ ಅಂದೆ. ನಕ್ಕರು. ಯಾದಿ ತೋರಸ್ಲಿಲ್ಲ."

"ನಮ್ಮ ಬಸುನ ಹೆಸರ..."

"ಗೊತ್ತಿಲ್ಲಕ್ಕಾ. ಅಮರನ ಮನ್ಯಾಗ ನಾಕ ಮಂದಿ ಅದಾರ. ನಿಮ್ಮ ಮನಿಯವ್ರು ಉದಗೀರದ ದಲಾಲಿ ಅಂಗಡ್ಯಾಗ ಇರ್ತಾರ, ಇಲ್ಲಿ ನೀವು ಒಬ್ರೇ. ಅದಕ್ಕೇ ಇಲ್ಲಿ ಬಂದು ಕುಂತೀನಿ."

ಧಪ್. ಧಪ್. ಗಡಿಯಾರದಲ್ಲಿ ಐದಕ್ಕೆ ಆರು ನಿಮಿಷವಿತ್ತು.

"ಮತ್ತ ಡಬ್ಬಿ ಯಾಕ ತಂದ್ರಿ?"

"ಉದಗೀರ ಸ್ಟೇಷನ್ ಹೊರಗಿನ ಅಂಗಡಿಯಂವ ನನ್ನ ನೋಡಿದ ಕೂಡ್ಲೇ ಕಟ್ಟೇ ಬಿಟ್ಟ. ಬ್ಯಾಡ ಅನ್ಲಾಕ ಬಾಯಿ ಬರ್ಲಿಲ್ಲ."

"ನಿಮ್ಮನ್ನ ಯಾರ ಕೈಯಿಂದ ಇಸ್ಕೊಂಡಿದ್ರು ಕ್ಲಬ್ಬಿನವರು?"

"ನನ್ನ? ನಾನೇ ಹೋಗಿದ್ದೆ ಅಕ್ಕಾ. ಅವ್ವ ಅದಕ್ಕಿಂತ ಮೊದಲೇ ತೀರ್ಕೊಂಡಿದ್ಳು."

ಕಾಂತಾಬಾಯಿ ಎದ್ದಳು. ಡಬ್ಬಿಯ ದಾರ ಬಿಚ್ಚಿ, ಒಂದು ಪೇಢೆ ತೆಗೆದು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿದಳು.

"ತಿನ್ನು ತಮ್ಮಾ. ಮನಿಗಿ ಬಂದಿ."

ಅವನು ತಿನ್ನಲಿಲ್ಲ. ಹೊರಗೆ ಚೆಂಡಿನ ಸದ್ದು ನಿಂತಿತ್ತು. ನಿಂತು ಎಷ್ಟು ಹೊತ್ತಾಯಿತೋ ಇಬ್ಬರೂ ಗಮನಿಸಿರಲಿಲ್ಲ.

ಗೂಡಿನಲ್ಲಿ ಫೋನು ಒಮ್ಮೆ ಗುರ್ ಎಂದಿತು. ಅದರ ಬೆಳಕು ತೆರೆದ ಡಬ್ಬಿಯ ಮೇಲೆ ಬಿತ್ತು. ಕಾಂತಾಬಾಯಿಗೆ ಇಂಗ್ಲಿಷ್ ಓದಲು ಬಾರದು. ಸಿದ್ದರಾಮ ಎದ್ದ, ಗೂಡಿನವರೆಗೂ ಹೋದ, ಕೈ ಚಾಚಿದ. ಹನ್ನೊಂದು ವರ್ಷ ಎಷ್ಟೋ ಮನೆಗಳಲ್ಲಿ ಹೇಳಿದವನ ಕೈ ಆ ಫೋನು ಮುಟ್ಟಲಿಲ್ಲ.

"ಕೊಡ್ರಿ. ನಾ ಓದ್ತೀನಿ."

ಬಾಗಿಲಲ್ಲಿ ನೀಲೇಶ ನಿಂತಿದ್ದ, ಕಂಕುಳಲ್ಲಿ ಚೆಂಡು. ಒಳಗೆ ಬಂದು ಫೋನು ತೆಗೆದುಕೊಂಡ. ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಓದಿದ. ಮತ್ತೆ ಮೊದಲಿನಿಂದ, ನಿಧಾನವಾಗಿ. ಆಮೇಲೆ ಫೋನನ್ನು ಡಬ್ಬಿಯ ಪಕ್ಕದಲ್ಲಿ ಬೋರಲಾಗಿ ಇಟ್ಟ.

"ಗೋಡಿ ದೊಡ್ಡದು ಅದ ಕಾಕು," ಎಂದ ಕಾಂತಾಬಾಯಿಗೆ. "ಬಸು ಬರ್ಲಿ. ಇಬ್ಬರಿಗಿ ಸಾಕಾಗ್ತದ."